ಅಪ್ಪ ದೊಡ್ಡವನಿಗೆ, ಅವ್ವ ಸಣ್ಣವನಿಗೆ

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ ಹಿರಿಯರಾದ ಗಿರಮಲ್ಲಪ್ಪನವರೇ, ಮುಖ್ಯ ಅತಿಥಿಗಳಾಗಿ ಬಂದು ಇಷ್ಟು ಹೊತ್ತು ತಾಳ್ಮೆಯಿಂದ ಕುಳಿತಿರುವ ಮಾನ್ಯ ಉಪವಿಭಾಗಾಧಿಕಾರಿಗಳೇ, ಹಿರಿಯರ ಸಹಾಯವಾಣಿಯ ನನ್ನ ಸಹೋದ್ಯೋಗಿಗಳೇ, ಕಾರ್ಯಕ್ರಮ ನಿರೂಪಿಸುತ್ತಿರುವ, ನಾನು ಬಾಯಿ ತೆರೆಯುವ ಮುಂಚೆಯೇ ‘ಬೇಗ ಮುಗಿಸಿರಿ’ ಎಂದು ಚೀಟಿ ಕೊಟ್ಟಿರುವ ಶಿದ್ರಾಮಪ್ಪನವರೇ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಂದ ಬಂದಿರುವ ಅಜ್ಜ ಅಜ್ಜಿಯರೇ, ಅವರನ್ನು ಕರೆತಂದಿರುವ ಮಕ್ಕಳೇ, ಸೊಸೆಯಂದಿರೇ, ಮತ್ತು ಎಲ್ಲ ಸಭಿಕರೇ,

ಇವತ್ತು ಹಿರಿಯ ನಾಗರಿಕರ ದಿನ. ಜೊತೆಗೆ ನನ್ನ ಬೀಳ್ಕೊಡುಗೆ. ಒಂದೇ ಪೆಂಡಾಲಿನಲ್ಲಿ ಎರಡು ಕೆಲಸ ಮುಗಿಸುವುದು ನಮ್ಮ ಜಮಖಂಡಿಯವರಿಗೆ ಚೆನ್ನಾಗಿ ಗೊತ್ತು. ನನಗೆ ಶಾಲು ಹೊದಿಸಿದ್ದೀರಿ, ಈ ಸೆಕೆಯಲ್ಲಿ ಅದನ್ನು ತೆಗೆಯಲೂ ಆಗದು, ಇಟ್ಟುಕೊಳ್ಳಲೂ ಆಗದು. ನನ್ನ ಬಗ್ಗೆ ಎಷ್ಟೋ ಒಳ್ಳೆಯ ಮಾತು ಆಡಿದ್ದೀರಿ. ಕೇಳುತ್ತಾ ಕುಳಿತಾಗ, ರತ್ನಾಬಾಯಿ ಎಂಬ ಈ ಹೆಣ್ಣುಮಗಳನ್ನು ನಾನೂ ಒಮ್ಮೆ ಭೇಟಿಯಾಗಬೇಕಲ್ಲ ಎನಿಸಿತು. ಸಹಾಯವಾಣಿಯ ಆಪ್ತಸಮಾಲೋಚಕಿ ಎಂಬ ನನ್ನ ಕೆಲಸ ಇವತ್ತು ಸಂಜೆಗೆ ಮುಗಿಯುತ್ತದೆ. ಅಂದರೆ ಇನ್ನೂ ಸಂಜೆಯವರೆಗೆ ಇದೆ.

ನಿಮ್ಮ ಕೈಯಲ್ಲಿರುವ ಆಮಂತ್ರಣ ಪತ್ರಿಕೆ ನೋಡಿರಿ. ನನ್ನ ಎರಡು ಮಾತು ಮುಗಿದ ಕೂಡಲೇ ‘ಮಾದರಿ ಪುತ್ರ’ ಸನ್ಮಾನ ಎಂದಿದೆ. ಸನ್ಮಾನಿತರು ಇಲ್ಲೇ ನನ್ನ ಬಲಗಡೆ ಕುಳಿತಿದ್ದಾರೆ. ದೊಡ್ಡವರು ಜ್ಞಾನೇಶ್ವರ ಅವರು, ಮುಧೋಳದಲ್ಲಿ ಹೈಸ್ಕೂಲು ಮಾಸ್ತರರು. ಸಣ್ಣವರು ಯುವರಾಜ ಅವರು, ಬನಹಟ್ಟಿಯಲ್ಲಿ ನೌಕರಿ. ಹಣ್ಣಿನ ಬುಟ್ಟಿ ಬಂದಿದೆ, ಹಾರ ಬಂದಿದೆ. ನಾನು ಮುಗಿಸಿದರೆ ಅವರ ಕೊರಳಿಗೆ ಹಾರ ಬೀಳುತ್ತದೆ, ಆಮೇಲೆ ವಂದನಾರ್ಪಣೆ, ಉಪ್ಪಿಟ್ಟು, ಎಲ್ಲರೂ ಮನೆಗೆ. ನಾನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ, ನನಗೆ ಮುಗಿಸಲು ಮನಸ್ಸಿಲ್ಲ. ಯಾಕೆ ಮನಸ್ಸಿಲ್ಲ ಎಂಬುದನ್ನೇ ಇವತ್ತಿನ ಭಾಷಣ ಎಂದುಕೊಳ್ಳಿರಿ.

ನೀರು ಇದೆಯೇನ್ರಿ? ಹಾಂ, ಇಲ್ಲೇ ಇದೆ.

ನಾವು ಏನು ಕೆಲಸ ಮಾಡುತ್ತೇವೆ ಎಂದು ಬಹಳ ಜನ ಕೇಳುತ್ತಾರೆ. ಫೋನು ಬರುತ್ತದೆ, ನಾವು ಹೋಗುತ್ತೇವೆ. ಮೊದಲು ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಕುಡಿಯಲು ನೀರು ಕೇಳುತ್ತೇವೆ. ನೀರು ಯಾರು ತಂದುಕೊಡುತ್ತಾರೆ ನೋಡುತ್ತೇವೆ. ಮೊಣಕಾಲು ಹಿಡಿದುಕೊಂಡು ಅಜ್ಜಿಯೇ ಎದ್ದು ಹೋದಳೋ, ಒಳಗಿನಿಂದ ಬೇರೆ ಯಾರಾದರೂ ತಂದರೋ? ಅಜ್ಜನ ಮಂಚ ಎಲ್ಲಿದೆ? ಪಡಸಾಲೆಯಲ್ಲೋ, ದನದ ಕೊಟ್ಟಿಗೆಯಲ್ಲೋ? ಮಗ ಬಂದ ಕೂಡಲೇ ಅಜ್ಜನ ದನಿ ಸಣ್ಣಗಾಯಿತೋ? ತೇರದಾಳದ ಒಂದು ಮನೆಯಲ್ಲಿ ಬೆಳ್ಳಿಯ ಲೋಟದಲ್ಲಿ ನೀರು ಬಂತು, ಹಿತ್ತಲಿನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು. ರನ್ನ ಬೆಳಗಲಿ ಕಡೆ ಒಬ್ಬ ತಾಯಿಯ ಹೆಬ್ಬೆಟ್ಟಿನ ಮಸಿ ಇನ್ನೂ ಆರಿರಲಿಲ್ಲ, ಹೊಲ ಆಗಲೇ ಬೇರೆಯವರದಾಗಿತ್ತು. ಇಂಥವುಗಳಲ್ಲಿ ನಮಗೆ ದಾರಿ ಗೊತ್ತು. ಕಾನೂನಿದೆ, ಇಲ್ಲಿ ಕುಳಿತಿರುವ ಉಪವಿಭಾಗಾಧಿಕಾರಿ ಸಾಹೇಬರ ಮುಂದೆ ವಿಚಾರಣೆ ಇದೆ, ಪೊಲೀಸರಿದ್ದಾರೆ, ಏನೂ ಇಲ್ಲದಿದ್ದರೆ ನನ್ನ ಬಾಯಿ ಇದೆ. ನನ್ನ ಬಾಯಿಯನ್ನು ಕಂಡರೆ ಕೆಲವು ಮಕ್ಕಳಿಗೆ ಪೊಲೀಸರೇ ವಾಸಿ ಎನಿಸಿದ್ದುಂಟು.

ಆದರೆ ಕಳೆದ ಬೇಸಿಗೆಯಲ್ಲಿ ಮುಧೋಳದಿಂದ ಒಂದು ಫೋನು ಬಂತು. ನಾನೇ ಎತ್ತಿದೆ. ಕಿರಾಣಿ ಅಂಗಡಿಯಿಂದ ಮಾಡಿದ ಫೋನು, ಹಿಂದೆ ಯಾರೋ ಬೆಲ್ಲ ಕೇಳುತ್ತಿದ್ದರು. ಒಬ್ಬ ಮುದುಕರ ದನಿ: “ನಮ್ಮ ಹೇಂತಿನ್ನ ನಮಗ ಕೊಡಸ್ರಿ.”

ನಮ್ಮ ಆಫೀಸಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ನೀವೂ ನಗುತ್ತಿದ್ದೀರಿ. ನಗಿರಿ, ಅಡ್ಡಿಯಿಲ್ಲ. ಅವರ ಹೆಸರು ಪರಸಪ್ಪ. ಹೆಸರು ಹೇಳಲು ಬಾಗಿಲಲ್ಲೇ ಅವರ ಅಪ್ಪಣೆ ಕೇಳಿದ್ದೇನೆ. “ಹೇಳ್ರಿ, ನಾ ಏನ ಕಳವ ಮಾಡೇನೇನ?” ಎಂದರು. ಅವರು ಇಲ್ಲಿಯೇ ಇದ್ದಾರೆ, ಗಂಡಸರ ಕಡೆ, ಎರಡನೆಯ ಸಾಲು, ಹಳದಿ ರುಮಾಲು. ಅವರ ಮನೆಯವರು ಸಾತವ್ವ ಹೆಂಗಸರ ಕಡೆ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಸಾತವ್ವನವರ ಅಪ್ಪಣೆ ನಾನು ಕೇಳಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರು, ಅದಕ್ಕೇ ಕೇಳಲಿಲ್ಲ. ಬೈಯುವುದಿದ್ದರೆ ಉಪ್ಪಿಟ್ಟಿನ ಹೊತ್ತಿಗೆ ಬೈಯಲಿ. ಹೌದು, ನೀವು ಗುರುತಿಸಿದ್ದು ಸರಿ, ನನ್ನ ಬಲಗಡೆ ಕುಳಿತಿರುವ ಸನ್ಮಾನಿತರು ಇವರಿಬ್ಬರ ಮಕ್ಕಳು.

ಶಿದ್ರಾಮಪ್ಪನವರೇ, ಎರಡನೆಯ ಚೀಟಿ ಬಂತು. ಓದಿಕೊಂಡೆ. ಕುಳಿತುಕೊಳ್ಳಿರಿ.

ನಾನು ಮುಧೋಳಕ್ಕೆ ಹೋದೆ. ನೀರು ಕೇಳಿದೆ. ಸೊಸೆ ನೀರು ತಂದಳು, ಅದರ ಹಿಂದೆಯೇ ಚಹಾ ತಂದಳು. ಪರಸಪ್ಪನವರ ಮಂಚ ಕಿಟಕಿಯ ಪಕ್ಕ ಇತ್ತು. ಮೆತ್ತನೆಯ ಗಾದಿ, ಟೀವಿ, ಗುಳಿಗೆಯ ಡಬ್ಬಿ, ಒಗೆದ ಧೋತರ. ನನ್ನ ಇಷ್ಟು ವರ್ಷದ ತಿರುಗಾಟದಲ್ಲಿ ಇಷ್ಟು ಚೆನ್ನಾಗಿ ಇಟ್ಟುಕೊಂಡ ಮನೆ ಅಪರೂಪ. ನಿಮಗೆ ಏನು ಕಡಿಮೆಯಾಗಿದೆ ಎಂದು ಕೇಳಿದೆ. “ಎಲ್ಲಾ ಐತ್ರಿ ಬಾಯಾರ. ಸಾತವ್ವ ಇಲ್ರಿ” ಎಂದರು.

ಸಾತವ್ವ ಎಲ್ಲಿ? ಬನಹಟ್ಟಿಯಲ್ಲಿ, ಸಣ್ಣ ಮಗನ ಮನೆಯಲ್ಲಿ. ಯಾಕೆ? ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇವರದು ಗಲಗಲಿ ಹತ್ತಿರ ನದಿದಂಡೆಯ ಹಳ್ಳಿ. ಅಣೆಕಟ್ಟೆಯ ಗೇಟು ಏರಿದ ಮೇಲೆ ಆ ಊರು ಹಿನ್ನೀರಿನಲ್ಲಿ ಹೋಯಿತು. ನಮ್ಮ ಸಭೆಯಲ್ಲಿ ಅಂಥ ಊರಿನವರು ಅರ್ಧ ಜನ ಇದ್ದೀರಿ, ನಾನು ಹೇಳುವುದೇನೂ ಬೇಕಿಲ್ಲ. ಬಾಗಿಲು, ತೊಲೆ ಕಿತ್ತುಕೊಂಡು ಪುನರ್ವಸತಿ ಕೇಂದ್ರಕ್ಕೆ ಬಂದಿರಿ, ಅದಕ್ಕೆ ‘ಸೆಂಟರ್’ ಎಂದು ಹೆಸರಿಟ್ಟುಕೊಂಡಿರಿ. ಪರಸಪ್ಪನವರಿಗೂ ಸೆಂಟರಿನಲ್ಲಿ ಎರಡು ಖೋಲಿಯ ಒಂದು ಮನೆಯಾಯಿತು. ಮಕ್ಕಳಿಬ್ಬರಿಗೂ ಆಗಲೇ ಬೇರೆ ಊರಲ್ಲಿ ನೌಕರಿ. ಹಿರಿಯರನ್ನು ಕೂಡಿಸಿ ಪಾಲು ಮಾಡಿಕೊಂಡರು. ಜಗಳವಿಲ್ಲ, ಕೋರ್ಟಿಲ್ಲ. ಉಳಿದ ಹೊಲ ಹಂಚಿದರು, ಹಂಡೆ ಕೊಪ್ಪರಿಗೆ ಹಂಚಿದರು. ಎತ್ತಿನ ಪಾಳಿ ಬಂದಾಗ ಒಬ್ಬರು ಹಿರಿಯರು ಅಡ್ಡ ಕೈ ಹಾಕಿದರಂತೆ. “ಜೋಡಿ ಅಗಲಸಬ್ಯಾಡ್ರಿ. ಒಂದಕ್ಕೊಂದ ರೂಢಿ ಆಗ್ಯಾವ. ಒಂದನ್ನ ಒಯ್ದ್ರ ಇನ್ನೊಂದ ಮೇವ ಬಿಡತೈತಿ” ಎಂದರಂತೆ. ಎಲ್ಲರೂ ಹೌದು ಹೌದು ಎಂದು ತಲೆದೂಗಿ, ಎರಡೂ ಎತ್ತು ದೊಡ್ಡವನಿಗೆ, ಅದಕ್ಕೆ ಸರಿಯಾಗಿ ಎಮ್ಮೆ ಮತ್ತು ಆಕಳು ಸಣ್ಣವನಿಗೆ ಎಂದು ಮಾಡಿದರು.

ಆಮೇಲೆ ಅಪ್ಪ ದೊಡ್ಡವನಿಗೆ, ಅವ್ವ ಸಣ್ಣವನಿಗೆ ಎಂದರು. ಅದಕ್ಕೆ ಚರ್ಚೆಯೇ ಆಗಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಎದ್ದರು.

ಈ ಮಾತನ್ನು ಪರಸಪ್ಪನವರು ನನಗೆ ನಗುತ್ತಾ ಹೇಳಿದರು. “ಎತ್ತಿನ ಸಲುವಾಗಿ ಮಾತಾಡವ್ರು ಇದ್ರು ಬಾಯಾರ” ಎಂದರು. ನನಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಬರುವಾಗ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಚಿಲ್ಲರೆ ಕೊಡದ ಕಂಡಕ್ಟರನ ಮೇಲೆ ಎಲ್ಲವನ್ನೂ ತೀರಿಸಿಕೊಂಡೆ. ಅಧ್ಯಕ್ಷರೇ, ಗಾಬರಿಯಾಗಬೇಡಿರಿ, ಆ ಹಿರಿಯರಲ್ಲಿ ನೀವು ಇರಲಿಲ್ಲ. ಆದರೆ ಇದ್ದಿದ್ದರೆ ನೀವು ಬೇರೆ ಮಾತು ಆಡುತ್ತಿದ್ದಿರಾ? ನಾನು ಆಡುತ್ತಿದ್ದೆನೇ? ನಮ್ಮ ಕಡೆ ಯಾವ ಮನೆಯಲ್ಲಿ ಹೀಗೆ ಆಗಿಲ್ಲ? ಇಬ್ಬರು ಮಕ್ಕಳಿದ್ದರೆ ತಲೆಗೊಬ್ಬರಂತೆ ತಂದೆ ತಾಯಿ. ಒಬ್ಬನ ಮೇಲೆ ಭಾರ ಬೀಳಬಾರದು, ಒಬ್ಬನ ಮೇಲೆ ಮಾತು ಬರಬಾರದು. ಇದನ್ನು ನಾವು ನ್ಯಾಯ ಎನ್ನುತ್ತೇವೆ.

ಬೇಕಾದಾಗ ಭೇಟಿಯಾಗಬಹುದಲ್ಲ ಎಂದು ನಾನೂ ಕೇಳಿದೆ. ಮುಧೋಳಕ್ಕೂ ಬನಹಟ್ಟಿಗೂ ಬಸ್ಸಿಲ್ಲವೇ? ಪರಸಪ್ಪನವರ ಮೊಣಕಾಲಿಗೆ ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ಗಾಡಿ ಮಾಡಿಸು ಎಂದು ಮಗನಿಗೆ ಹೇಳಲು ನಾಚಿಕೆ. ಏನಂತ ಹೇಳುವುದು? ಕೂದಲು ಬೆಳ್ಳಗಾದ ಮೇಲೆ ಹೆಂಡತಿಯ ಮುಖ ನೋಡಬೇಕು ಅಂತಲೇ? ಸೊಸೆಯಂದಿರು ನಗುವುದಿಲ್ಲವೇ? ಮತ್ತೆ ಯಾವಾಗ ಭೇಟಿಯಾಗುತ್ತೀರಿ ಎಂದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಹೇಳುತ್ತೇನೆ.

“ಯಾರರ ಸತ್ರ ಭೆಟ್ಟಿ ಆಗತೇವ್ರಿ. ಮದುವೀಗಿ ಇಬ್ಬರನ್ನೂ ಕರಕೊಂಡ ಹೋಗಂಗಿಲ್ರಿ, ಗದ್ದಲ ಅಂತಾರ. ಮಣ್ಣಿಗಿ ಕರಕೊಂಡ ಹೋಗತಾರ. ಹೋದ ವರ್ಸ ನಮ್ಮ ಅಣ್ಣ ಸತ್ತ. ಹೆಣ ಎತ್ತೂತನಕ ಇಬ್ಬರೂ ಒಂದ ಕಟ್ಟಿ ಮ್ಯಾಲ ಕುಂತಿದ್ವ್ರಿ. ನಮ್ಮ ಸ್ವಂತ ಅಣ್ಣ, ನಾ ಒಳಗೊಳಗ ಖುಷಿ ಆಗಾಕತ್ತಿದ್ದೆ. ಈಗ ಯಾರಿಗರ ಆರಾಮಿಲ್ಲ ಅಂದ್ರ ನನಗ ಮೊದಲ ಅದ ನೆಪ್ಪ ಆಗತೈತ್ರಿ. ಇದ ಪಾಪ ಅಲ್ಲೇನ್ರಿ ಬಾಯಾರ?”

ನಾನು ಚಹಾ ಕುಡಿದೆ.

ಬನಹಟ್ಟಿಗೆ ಹೋದೆ. ಆ ಓಣಿಯಲ್ಲಿ ಮಗ್ಗಗಳ ಖಟಖಟದ ನಡುವೆ ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಕೂಗಬೇಕು. ಸಾತವ್ವನವರಿಗೆ ಕೂಗಿ ಅಭ್ಯಾಸವಿಲ್ಲ. ಅಲ್ಲಿಯೂ ಸೊಸೆಯೇ ನೀರು ತಂದಳು. ಅಲ್ಲಿಯೂ ಎಲ್ಲವೂ ಇತ್ತು. ನಿಮಗೆ ಏನಾದರೂ ಬೇಕೇ ಎಂದು ಕೇಳಿದರೆ ಸಾತವ್ವ ಸೆರಗು ಎಳೆದುಕೊಂಡು, “ನನಗೇನ ಆಗೇತ್ರಿ? ಛಲೋ ಅದೀನಿ. ಏನೂ ಬ್ಯಾಡ್ರಿ” ಎಂದರು. ಯಜಮಾನರ ಜೊತೆ ಇರಬೇಕು ಎನಿಸುವುದಿಲ್ಲವೇ ಎಂದೆ. “ಅಯ್ಯ, ಏನ ಮಾತರೀ ಬಾಯಾರ” ಎಂದು ಆ ಕಡೆ ತಿರುಗಿದರು. ನಾನು ಚಪ್ಪಲಿ ಮೆಟ್ಟಿಕೊಂಡು ಓಣಿಗೆ ಇಳಿದೆ. ಹಿಂದಿನಿಂದ ಬಂದು ನನ್ನ ಸೀರೆಯ ತುದಿ ಹಿಡಿದು ನಿಲ್ಲಿಸಿ ಕೇಳಿದರು: “ಅವರ ಚಾದಾಗ ಸಕ್ರಿ ಹಾಕಾಕತ್ತಾರೇನ್ರಿ? ಹಾಕಬ್ಯಾಡ್ರಿ ಅಂತ ಹೇಳ್ರಿ. ಅವರ ತಾವಾಗಿ ಬ್ಯಾಡ ಅನ್ನಂಗಿಲ್ಲ.”

ಯಾರದೋ ಫೋನು ರಿಂಗಾಗುತ್ತಿದೆ. ಓ, ನನ್ನದೇ. ಆ ಕುರ್ಚಿಯ ಮೇಲಿನ ಚೀಲದಲ್ಲಿದೆ, ರಿಂಗಾಗಲಿ ಬಿಡಿರಿ. ನಮ್ಮ ಯಜಮಾನರು. ಮೊಮ್ಮಗನನ್ನು ಶಾಲೆಯಿಂದ ಕರೆದುಕೊಂಡು ಬಂದ ಮೇಲೆ ದಿನಾ ಈ ಹೊತ್ತಿಗೆ ಮಾಡುತ್ತಾರೆ. ಅವರು ಸೊಲ್ಲಾಪುರದಲ್ಲಿ ಮಗಳ ಮನೆಯಲ್ಲಿ ಇದ್ದಾರೆ. ಮಗಳೂ ಅಳಿಯನೂ ನೌಕರಿಗೆ ಹೋಗುವವರು, ಹುಡುಗನನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ. ಮೊದಲು ಪರೀಕ್ಷೆ ಮುಗಿಯುವ ತನಕ ಎಂದು ಹೋದರು. ಈಗ ಹುಡುಗ ನಾಲ್ಕನೆಯ ಇಯತ್ತೆಗೆ ಬಂದಿದ್ದಾನೆ. ನನಗೂ ಇಲ್ಲಿ ಕೆಲಸ ಇತ್ತು. ನಮ್ಮದು ಬೇರೆ ವಿಷಯ ಬಿಡಿರಿ. ನಾವು ಕಲಿತವರು, ಫೋನು ಇದೆ, ದಿನಾ ಮಾತಾಡುತ್ತೇವೆ. ಏನು ಊಟ ಮಾಡಿದಿ ಎಂದು ಅವರು ಕೇಳುತ್ತಾರೆ, ನಾನು ಹೇಳುತ್ತೇನೆ. ಒಬ್ಬಳಿಗೆ ಎಷ್ಟು ಅಡುಗೆ ಮಾಡುವುದು, ಬೆಳಗಿನದೇ ಸಂಜೆಗೂ ಆಗುತ್ತದೆ. ಆದರೂ ಅವರಿಗೆ ಬೇರೆ ಏನಾದರೂ ಹೇಳುತ್ತೇನೆ. ನೋಡಿ, ನಾನು ಯಾಕೆ ಈ ಮಾತಿಗೆ ಬಂದೆ? ನಿಂತಿತು ಫೋನು. ಒಳ್ಳೆಯದಾಯಿತು.

ಪರಸಪ್ಪನವರ ವಿಷಯಕ್ಕೆ ಬರುತ್ತೇನೆ. ಅವರು ಏನು ಕೇಳುತ್ತಾರೆ? ಸೆಂಟರಿನ ಆ ಎರಡು ಖೋಲಿಯ ಮನೆಯಲ್ಲಿ ಈಗ ಗೋವಿನಜೋಳದ ಚೀಲ ಮತ್ತು ಒಂದು ಮುರುಕು ಕೂರಿಗೆ ಇವೆ. “ಅವನ್ನ ಒಂದ ಖೋಲಿಗಿ ಸರಸ್ರಿ, ಒಂದ ಖೋಲಿ ನಮಗ ಸಾಕ” ಎನ್ನುತ್ತಾರೆ. ಮಗ್ಗುಲ ಮನೆಯ ಗುರುಬಾಯಿ ಎರಡು ಹೊತ್ತು ಅಡುಗೆ ಮಾಡಿಕೊಡಲು ಒಪ್ಪಿದ್ದಾಳೆ. ನಮ್ಮ ಸಹಾಯವಾಣಿಯವರು ವಾರಕ್ಕೊಮ್ಮೆ ಆ ದಾರಿಯಲ್ಲೇ ಹೋಗುತ್ತಾರೆ. ಮಕ್ಕಳು ಪಾಳಿಯ ಮೇಲೆ ಬಂದು ಹೋಗಲಿ. ಪಾಳಿ ಮಕ್ಕಳಿಗಿರಲಿ, ತಂದೆ ತಾಯಿಗೆ ಬೇಡ.

ಇದಕ್ಕೆ ಈ ಮಕ್ಕಳು ಒಪ್ಪಲಿಲ್ಲ. ಇವರು ಕೆಟ್ಟವರಲ್ಲ, ಸಭಿಕರೇ. ಕೆಟ್ಟವರಾಗಿದ್ದರೆ ನನಗೆ ಇಷ್ಟು ತ್ರಾಸು ಇರಲಿಲ್ಲ, ಬೈದು ಮುಗಿಸುತ್ತಿದ್ದೆ. ಅಪ್ಪ ಬಿದ್ದರೆ, ಜ್ವರ ಬಂದರೆ ಎಂದು ಜ್ಞಾನೇಶ್ವರ ಅವರಿಗೆ ನಿಜವಾಗಿಯೂ ಭಯವಿದೆ. ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಆ ಭಯಕ್ಕೆ ಉತ್ತರ ಸಿಕ್ಕ ಮೇಲೆ ಅವರು ಇನ್ನೊಂದು ಮಾತು ಹೇಳಿದರು. ಮಾಸ್ತರರೇ, ತಪ್ಪಿದರೆ ತಿದ್ದಿರಿ. “ಬಾಯಾರ, ಸೆಂಟರಿಗಿ ಕಳಿಸಿದ್ರ, ಮಕ್ಕಳಿಬ್ಬರೂ ಕೂಡಿ ಮುದುಕರನ್ನ ಹೊರಗ ಹಾಕ್ಯಾರ ಅಂತ ಮಂದಿ ಅಂತಾರ. ಇಬ್ಬರನ್ನೂ ನನ್ನ ಮನ್ಯಾಗ ಇಟ್ಟಕೊಂಡ್ರ, ಸಣ್ಣವ ಕೈ ಬಿಟ್ಟಾನ ಅಂತಾರ. ಮಂದಿ ಬಾಯಿ ನೀವ ಮುಚ್ಚಸ್ತೀರೇನ್ರಿ?” ಯುವರಾಜ ಅವರು ತಲೆ ತಗ್ಗಿಸಿ, “ಅವ್ವನ್ನ ನಾ ಹೆಂಗ ಬಿಡಲ್ರಿ, ನನ್ನ ಪಾಲಿಗಿ ಬಂದಾಕಿ” ಎಂದರು. ಪ್ರೀತಿಯಿಂದಲೇ ಹೇಳಿದರು.

ಪರಸಪ್ಪನವರು ಸಾಹೇಬರಿಗೆ ಅರ್ಜಿ ಹಾಕಿದ್ದಾರೆ, ಮುಂದಿನ ಮಂಗಳವಾರ ಅದರ ವಿಚಾರಣೆ. ನಾನು ಆ ದಿನ ಕೆಲಸದಲ್ಲಿ ಇರುವುದಿಲ್ಲ. ಮಕ್ಕಳ ವಕೀಲರು ಹೇಳುವುದು ನನಗೆ ಈಗಲೇ ಕೇಳಿಸುತ್ತಿದೆ. ಊಟವಿದೆ, ಔಷಧವಿದೆ, ಬಟ್ಟೆಯಿದೆ, ಹೊಡೆತವಿಲ್ಲ, ಬೈಗುಳವಿಲ್ಲ, ಮೇಲಾಗಿ ಊರವರೇ ಶಾಲು ಹೊದಿಸಿ ಮಾದರಿ ಪುತ್ರರು ಎಂದಿದ್ದಾರೆ. ಮತ್ತೆ ತಾಯಿಯೇ ತನಗೆ ಏನೂ ಬೇಡ ಎನ್ನುತ್ತಾರೆ. ಪರಸಪ್ಪ ಒಬ್ಬರೇ ಕೇಳಿದರೆ ಆಗುವುದಿಲ್ಲ ನೋಡಿರಿ. ಸಾತವ್ವನನ್ನು ಅವರ ಮನಸ್ಸಿಲ್ಲದೆ ಎತ್ತಿಕೊಂಡು ಹೋಗಿ ಯಾವ ಮನೆಯಲ್ಲಿಯೂ ಇಡಬಾರದು, ಅದೂ ಒಂದು ಜುಲುಮೆಯೇ. ಕಳೆದ ಸಲ ಸಾಹೇಬರು ಎಷ್ಟು ಮೆತ್ತಗೆ ಕೇಳಿದರು, “ಅಮ್ಮ, ನಿಮ್ಮ ಇಷ್ಟ ಏನು?” ಎಂದು. ಸಾತವ್ವ ಮಕ್ಕಳ ಕಡೆ ನೋಡಿ, ವಕೀಲರ ಕಡೆ ನೋಡಿ, ನೆಲ ನೋಡಿ, “ನನಗೇನೂ ಬ್ಯಾಡ್ರಿ” ಎಂದರು. ಆ ದಿನವೂ ಪರಸಪ್ಪನವರು ಮುಧೋಳದ ಗಾಡಿ ಹತ್ತಿದರು, ಸಾತವ್ವ ಬನಹಟ್ಟಿಯ ಗಾಡಿ.

ಇವತ್ತು ಈ ಇಬ್ಬರು ಒಂದೇ ಪೆಂಡಾಲಿನ ಕೆಳಗೆ ಇದ್ದಾರೆ. ಮಕ್ಕಳ ಸನ್ಮಾನ ನೋಡಲು ಬಂದಿದ್ದಾರೆ. ಅಲ್ಲಿ ಬೇವಿನ ಗಿಡದ ಕೆಳಗೆ ಎರಡು ಗಾಡಿ ನಿಂತಿವೆ. ಒಂದು ಮುಧೋಳಕ್ಕೆ, ಒಂದು ಬನಹಟ್ಟಿಗೆ. ಈಗ ನಿಮಗೆ ತಿಳಿಯಿತಲ್ಲ, ಚೀಟಿಯ ಮೇಲೆ ಚೀಟಿ ಬಂದರೂ ನಾನು ಯಾಕೆ ಮೈಕು ಬಿಡುತ್ತಿಲ್ಲ ಎಂದು. ಪರಸಪ್ಪನವರೇ, ಅಷ್ಟು ಹೊರಳಿ ಹೊರಳಿ ನೋಡಬೇಡಿರಿ, ಕುತ್ತಿಗೆ ಉಳುಕುತ್ತದೆ.

ನಗೆಯಿರಲಿ. ಜ್ಞಾನೇಶ್ವರ ಅವರು ನನಗೆ ಹಾಕಿದ ಪ್ರಶ್ನೆ ಬಾಕಿ ಇದೆ. ಮಂದಿಯ ಬಾಯಿ ನೀವು ಮುಚ್ಚಿಸುತ್ತೀರೇನು ಎಂದರಲ್ಲ? ಯಾರು ಈ ಮಂದಿ? ನಾನು ಇಷ್ಟು ವರ್ಷ ಮನೆಮನೆ ತಿರುಗಿದ್ದೇನೆ, ಎಲ್ಲ ಮನೆಯಲ್ಲಿಯೂ ಈ ಮಂದಿಯ ಹೆಸರು ಹೇಳಿದ್ದಾರೆ, ಒಂದು ಮನೆಯಲ್ಲಿಯೂ ಅವರು ನನಗೆ ಭೇಟಿಯಾಗಲಿಲ್ಲ. ಇವತ್ತು ಆಗಿದ್ದಾರೆ. ಮಂದಿ ಎಂದರೆ ನೀವೇ. ಮುಧೋಳದ ಓಣಿಯವರು ಇದ್ದೀರಿ, ಬನಹಟ್ಟಿಯವರು ಇದ್ದೀರಿ, ಸೆಂಟರಿನಿಂದ ಒಂದು ಟ್ರ್ಯಾಕ್ಟರ್ ತುಂಬ ಬಂದಿದ್ದೀರಿ. ಅದಕ್ಕೇ ನಿಮ್ಮನ್ನೇ ಕೇಳುತ್ತೇನೆ. ಈ ತಂದೆ ತಾಯಿ ಒಂದೇ ಮನೆಯಲ್ಲಿ, ಸೆಂಟರಿನ ಆ ಮನೆಯಲ್ಲಿ ಇದ್ದರೆ, ಈ ಮಕ್ಕಳ ಮೇಲೆ ಒಂದು ಮಾತೂ ಆಡುವುದಿಲ್ಲ ಎನ್ನುವವರು ಕೈ ಎತ್ತಿರಿ. ಸುಮ್ಮನೆ ಎತ್ತಬೇಡಿರಿ. ನಾಳೆ ಕಟ್ಟೆಯ ಮೇಲೆ ಕುಳಿತು ಮಾತಾಡುವವರು ಇದ್ದರೆ ಈಗ ಕೈ ಕೆಳಗೇ ಇರಲಿ. ಅಷ್ಟಾದರೂ ಪ್ರಾಮಾಣಿಕತೆ ಇರಲಿ.

ನಾನು ಕಾಯುತ್ತೇನೆ. ಶಿದ್ರಾಮಪ್ಪನವರೇ, ನೀವೂ ಮಂದಿಯೇ.

ಹಾಂ. ಹಿಂದಿನ ಸಾಲಿನವರು ಎತ್ತುತ್ತಿದ್ದಾರೆ. ಸೆಂಟರಿನ ಹೆಣ್ಣುಮಕ್ಕಳು ಪೂರ್ತಿ ಎತ್ತಿದರು. ಬನಹಟ್ಟಿಯವರೇ, ನೀವು ಒಬ್ಬರ ಮುಖ ಒಬ್ಬರು ಯಾಕೆ ನೋಡುತ್ತೀರಿ? ಎತ್ತಿದಿರಿ, ಸರಿ. ಅಧ್ಯಕ್ಷರೂ ಎತ್ತಿದರು. ಯುವರಾಜ ಅವರೇ, ನೋಡಿರಿ, ಮೇಲೆ ನೋಡಿರಿ, ಇವರೇ ನೀವು ಹೆದರಿದ ಮಂದಿ. ಮಾಸ್ತರರೇ, ನೀವೂ ನೋಡಿರಿ.

ಮೂರನೆಯ ಸಾಲಿನಲ್ಲಿ...

ತಡೆಯಿರಿ. ಯಾರೂ ಮಾತಾಡಬೇಡಿರಿ. ಆ ಫ್ಯಾನು ಸ್ವಲ್ಪ ನಿಲ್ಲಿಸುತ್ತೀರಾ?

ಸಾತವ್ವ. ನಾನು ಕೇಳಿದ್ದು ಮಂದಿಗೆ ಅವ್ವ, ನಿಮಗಲ್ಲ. ನೀವು ಎತ್ತಬೇಕಾಗಿರಲಿಲ್ಲ. ಇಳಿಸಬೇಡಿರಿ! ಇಳಿಸಬ್ಯಾಡ್ರಿ ಸಾತವ್ವ, ಯಾರೂ ಏನೂ ಅನ್ನಂಗಿಲ್ಲ. ಸೊಸೆಯೇ ಮೊಣಕೈ ಹಿಡಿದುಕೊಂಡಿದ್ದಾಳೆ, ದೇವರು ನಿನ್ನನ್ನು ಚೆನ್ನಾಗಿ ಇಡಲಿ ತಂಗಿ. ಸಾಹೇಬರೇ, ನೀವು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿದೆ, ಹಸಿರು ಬಳೆಯ ಕೈ. ಮಂಗಳವಾರ ನಾನು ಇರಲಿ ಬಿಡಲಿ, ನೀವು ಕಣ್ಣಾರೆ ನೋಡಿದ್ದೀರಿ.

ನನಗೆ ಹೇಳಲು ಇನ್ನೇನೂ ಇಲ್ಲ. ಶಾಲು ಹೊದಿಸಿದವರಿಗೆ, ಕೈ ಎತ್ತಿದವರಿಗೆ, ಎತ್ತದೆ ಪ್ರಾಮಾಣಿಕರಾಗಿ ಕುಳಿತವರಿಗೆ, ನನ್ನ ಬೈಗುಳ ತಿಂದು ಕೆಲಸ ಮಾಡಿದ ಸಹೋದ್ಯೋಗಿಗಳಿಗೆ ನನ್ನ ವಂದನೆಗಳು. ಸನ್ಮಾನ ಈಗ ಮಾಡಿರಿ, ಆದರೆ ಮಾಸ್ತರರೇ, ಯುವರಾಜರೇ, ಹಾರ ಹಾಕಿಸಿಕೊಳ್ಳುವ ಮುಂಚೆ ಒಮ್ಮೆ ಕೆಳಗೆ ಇಳಿದು ಹೋಗಿರಿ. ನಿಮ್ಮಪ್ಪ ಎದ್ದು ನಿಂತಿದ್ದಾರೆ, ನಡುವಿನ ದಾರಿಯಲ್ಲಿ ಕುರ್ಚಿಗಳು ಅಡ್ಡ ಇವೆ, ಅವರಿಗೆ ದಾಟಲು ಆಗುತ್ತಿಲ್ಲ. ಕೈ ಹಿಡಿದು ಆ ಕಡೆ ದಾಟಿಸಿರಿ.

ನಮಸ್ಕಾರ.